ವಿಜಯನಗರದಲ್ಲಿ ಒಬ್ಬ ಪರದೇಶಿ ಅತಿಥಿ

ವಿಜಯನಗರವೆಂದೊಡನೆ ನಾವು ಯುದ್ಧಗಳನ್ನೂ ಅರಸರ ಹೆಸರುಗಳನ್ನೂ ಎಣಿಸತೊಡಗುತ್ತೇವೆ. ಅಲ್ಲಿ ಪರದೇಶಿಯೊಬ್ಬನ ದಿನಗಳು ಹೇಗೆ ಕಳೆದುವೆಂಬುದನ್ನು ಅರಿಯಲು ಅಬ್ದುರ್ ರಝಾಕನ ಬರಹವನ್ನು ನೋಡಬೇಕು.

ಹೆರಾತಿನ ಅರಸು ಶಾರುಖನ ರಾಯಭಾರಿಯಾಗಿ ಕಲ್ಲಿಕೋಟೆಗೆ ಬಂದಿದ್ದ ಈತನನ್ನು ಇಮ್ಮಡಿ ದೇವರಾಯನು ಕರೆಸಿಕೊಂಡನು. ಮಂಗಳೂರಿನ ಮಾರ್ಗವಾಗಿ ಘಟ್ಟವನ್ನೇರಿ, 1443ರ ಏಪ್ರಿಲ್ ಕೊನೆಯಲ್ಲಿ ಆತನು ರಾಜಧಾನಿಯನ್ನು ಸೇರಿದನು. ಬಿಡಾರಕ್ಕೆ ಎತ್ತರವಾದ ಮನೆ ದೊರೆಯಿತು. ದಿನವೂ ಎರಡು ಕುರಿ, ನಾಲ್ಕು ಜೊತೆ ಕೋಳಿ, ಐದು ಮಣ ಅಕ್ಕಿ, ಒಂದೊಂದು ಮಣ ಬೆಣ್ಣೆ ಮತ್ತು ಸಕ್ಕರೆ, ಎರಡು ವರಹ ಬರುತ್ತಿದ್ದುವು. ವಾರಕ್ಕೆರಡು ಸಂಜೆ ಅರಸನ ದರ್ಶನ. ಮರಳುವಾಗ ವೀಳ್ಯ, ಕರ್ಪೂರ, ಪಣಗಳ ಚೀಲ. ಸಹಭೋಜನವು ಸಲ್ಲದುದರಿಂದ ಆ ಚೀಲವನ್ನೇ ಔತಣವೆಂದು ಭಾವಿಸಬೇಕೆಂದು ಅರಸನು ತಿಳಿಸಿದನಂತೆ!

ಮಹಾನವಮಿಯಂದು ಈತನು ಜನಸ್ತೋಮದ ನಡುವೆ ಅಲಂಕೃತ ಮಂಟಪಗಳನ್ನೂ, ವಾದ್ಯದ ಲಯಕ್ಕೆ ಸೊಂಡಿಲಾಡಿಸುವ ಆನೆಯನ್ನೂ ಕಂಡು ಬೆರಗಾದನು.

ಆದರೆ ಪರದೇಶಿಯ ಬಾಳು ಪರರ ಮಾತಿನ ಮೇಲೆ ನಿಂತಿರುತ್ತದೆ. ಈತನು ನಿಜವಾದ ರಾಯಭಾರಿಯಲ್ಲವೆಂದು ಹೊರ್ಮುಜಿನ ಕೆಲವರು ಸುದ್ದಿ ಹಬ್ಬಿಸಿದರು. ಅಧಿಕಾರಿಯೊಬ್ಬನು ದಿನದ ಪಡಿಯನ್ನೂ ನಿಲ್ಲಿಸಿದನು. ಡಿಸೆಂಬರಿನಲ್ಲಿ ಬೀಳ್ಕೊಡುವಾಗ, ಆ ಸಂಶಯವಿಲ್ಲದಿದ್ದರೆ ಹೆಚ್ಚಿನ ಮರ್ಯಾದೆ ಸಲ್ಲುತ್ತಿತ್ತೆಂದು ಅರಸನೇ ಹೇಳಿದನಂತೆ.

ಇಷ್ಟಾದರೂ ಊರಿಗೆ ಮರಳಿದ ಮೇಲೆ ಆತನು ಈ ನಗರವನ್ನು ಹಳಿಯಲಿಲ್ಲ, ಮನಸಾರೆ ಕೊಂಡಾಡಿದನು. ಪಡಿ ಬಂದುದನ್ನೂ ನಿಂತುದನ್ನೂ ಮರೆಮಾಚದೆ ಬರೆದನು. ಅದರಿಂದಲೇ ಆತನ ಹೊಗಳಿಕೆಯನ್ನು ನಾವು ನಂಬುತ್ತೇವೆ. ಅತಿಥಿಗೆ ಅಳೆದ ಅಕ್ಕಿಯೂ ಚರಿತ್ರೆಯೇ ಎಂಬುದನ್ನು ನಮ್ಮ ವಿದ್ಯಾರ್ಥಿಗಳು ಮರೆಯದಿರಲಿ.