ಬೆನೆ ಇಸ್ರೇಲಿ ಮದುವೆ: ಕೊಂಕಣ ಕರಾವಳಿಯ ಯಹೂದಿಗಳು

ರಾಯಗಡದ ಹಳ್ಳಿಗಳಲ್ಲಿ ಎಣ್ಣೆ ಗಾಣ ನಡೆಸುತ್ತಿದ್ದ ಬೆನೆ ಇಸ್ರೇಲಿಗಳು ಶನಿವಾರ ಗಾಣ ಮುಟ್ಟುತ್ತಿರಲಿಲ್ಲ. ನೆರೆಹೊರೆಯವರು ಅವರನ್ನು ‘ಶನಿವಾರ ತೇಲಿ’ (ಶನಿವಾರದ ಗಾಣಿಗರು) ಎಂದೇ ಕರೆದರು. ಮನೆಮಾತು ಮರಾಠಿ, ಪ್ರಾರ್ಥನೆ ಹೀಬ್ರೂ.

ಮದುವೆಯ ಹಿಂದಿನ ರಾತ್ರಿ ಮದರಂಗಿ ಶಾಸ್ತ್ರ. ವರನ ಬೆರಳಿಗೂ ಹಚ್ಚುತ್ತಾರೆ. ಮದುವೆಗೆ ಮಲಿದಾ ಎಂಬ ಸಿಹಿಯೂ ಇರುತ್ತದೆ. ಅದರ ತಟ್ಟೆಯನ್ನು ಹತ್ತಿರದಿಂದ ನೋಡಿ: ನೆನೆಸಿದ ಅವಲಕ್ಕಿ, ಕಾಯಿತುರಿ, ಸಕ್ಕರೆ, ಏಲಕ್ಕಿ, ಸುತ್ತ ಹಣ್ಣು. ಪ್ರವಾದಿ ಎಲಿಯಾಹುವನ್ನು ನೆನೆದು ಇದನ್ನು ಹಂಚುವುದು ಈ ಸಮುದಾಯದ್ದೇ ವಿಶೇಷ.

ಸಿನಗಾಗ್‌ನ (ಯಹೂದಿ ಪ್ರಾರ್ಥನಾ ಮಂದಿರದ) ವೇದಿಕೆಯ ಮೇಲೆ ನಿಂತ ವರ, ಬಿಳಿ ಸೀರೆಯುಟ್ಟು ಬರುವ ವಧುವನ್ನು ಹೀಬ್ರೂ ಹಾಡು ಹಾಡಿ ಎದುರುಗೊಳ್ಳುತ್ತಾನೆ. ಇಡೀ ಮದುವೆಯಲ್ಲಿ ಇದಕ್ಕಿಂತ ಸೊಗಸಾದ ಗಳಿಗೆ ಇನ್ನೊಂದಿಲ್ಲ. ಆಮೇಲೆ ದ್ರಾಕ್ಷಾರಸ, ಉಂಗುರ, ‘ಕೆತುಬಾ’ ಎಂಬ ಮದುವೆ ಕರಾರಿನ ವಾಚನ. ಗಾಜಿನ ಲೋಟ ಒಡೆಯುವುದು ಜೆರುಸಲೇಮಿನ ದೇಗುಲ ನಾಶವಾದ ನೆನಪಿಗೆ.

ಯಹೂದಿ ಆಹಾರ ನಿಯಮದಂತೆ, ಆರತಕ್ಷತೆಯ ಊಟದಲ್ಲಿ ಮಾಂಸವಿದ್ದರೆ ಹಾಲು, ಮೊಸರು, ತುಪ್ಪ ಸೇರುವಂತಿಲ್ಲ. ಸಾರಿಗೂ ಹಲ್ವಕ್ಕೂ ತೆಂಗಿನ ಹಾಲೇ.

ಮುಂಬೈಯಲ್ಲಿ ಬೆನೆ ಇಸ್ರೇಲಿಗಳ ಮೊದಲ ಸಿನಗಾಗ್ ‘ಶಾರ್ ಹರಹಮೀಮ್’ (1796). ಕಟ್ಟಿಸಿದ ಸ್ಯಾಮ್ಯುಯೆಲ್ ದಿವೇಕರ್, ಟಿಪ್ಪು ಸುಲ್ತಾನನ ಸೆರೆಯಿಂದ ಬದುಕಿ ಬಂದ ಸೈನಿಕ ಎಂದು ಸಮುದಾಯ ಇಂದಿಗೂ ಸ್ಮರಿಸುತ್ತದೆ. 1948ರ ನಂತರ ಬಹುಪಾಲು ಕುಟುಂಬಗಳು ಇಸ್ರೇಲಿಗೆ ವಲಸೆ ಹೋದವು. ಅಲ್ಲಿನ ಮದುವೆಗಳಲ್ಲೂ ಮದರಂಗಿ, ಮಲಿದಾ ಉಳಿದಿವೆ.