ಬಿಪಿ ಮಾತ್ರೆಯಲ್ಲಿ ಹಾವಿನ ವಿಷ ಇದೆಯೇ?

"ನೀವು ದಿನಾ ನುಂಗುವ ಬಿಪಿ ಮಾತ್ರೆ ಹಾವಿನ ವಿಷದಿಂದ ಮಾಡಿದ್ದು, ಇಂದೇ ಬಿಡಿ" ಎಂಬ ಧಾಟಿಯ ಸಂದೇಶ ನಿಮ್ಮ ಗುಂಪಿಗೂ ಬಂದಿರಬಹುದು. ಇದಕ್ಕೆ ತದ್ವಿರುದ್ಧವಾದ ಮಾತೂ ಇದೆ: "ವಿಷವೇ ಔಷಧ, ಸ್ವಲ್ಪ ಏರಿದರೆ ಒಳ್ಳೆಯದೇ." ಶಿಕಾರಿಪುರ, ಸೊರಬದ ಕಡೆ ಬಿಪಿ ಮಾತ್ರೆ ಮನೆಯೊಳಗಿದೆ, ಕೊಳಕುಮಂಡಲ ಗದ್ದೆಯ ಬದುವಿನಲ್ಲಿದೆ. ಎರಡು ಸಂದೇಶಗಳಲ್ಲಿ ಯಾವುದನ್ನು ನಂಬಿದರೂ ಜೀವಕ್ಕೇ ಕುತ್ತು.

ಮಾತ್ರೆಯಲ್ಲಿ ವಿಷದ ಒಂದು ಹನಿಯೂ ಇಲ್ಲ. ಆದರೆ ಅದನ್ನು ಮಾಡುವ ಉಪಾಯ ಹೊಳೆದದ್ದು ಮಾತ್ರ ಹಾವಿನಿಂದಲೇ.

ನಮ್ಮ ದೇಹದ ಜೀವಕೋಶಗಳು ಪರಸ್ಪರ ಸಂದೇಶ ಕಳಿಸಿಕೊಳ್ಳುತ್ತವೆ. ಆ ಸಂದೇಶ ಒಯ್ಯುವವುಗಳಲ್ಲಿ ಪೆಪ್ಟೈಡ್‌ಗಳು ಮುಖ್ಯ. ಪೆಪ್ಟೈಡ್ ಎಂದರೆ ಅಮೈನೋ ಆಮ್ಲಗಳ ಪುಟ್ಟ ಸರಪಳಿ, ಪ್ರೋಟೀನಿನ ಚಿಕ್ಕ ತುಂಡು ಎನ್ನಿ. 'ಆಂಜಿಯೋಟೆನ್ಸಿನ್ 2' ಅಂಥ 8 ಕೊಂಡಿಗಳ ಸರಪಳಿ. ರಕ್ತನಾಳದ ಗೋಡೆಗೆ ಅದು ತಂದುಕೊಡುವ ಸಂದೇಶ ಒಂದೇ: ಬಿಗಿಯಾಗು. ನಾಳ ಬಿಗಿಯಾದರೆ ಬಿಪಿ ಏರುತ್ತದೆ. ಈ ಸರಪಳಿ ಮೊದಲು 10 ಕೊಂಡಿಗಳದ್ದಾಗಿರುತ್ತದೆ. 'ಏಸ್' ಎಂಬ ಕಿಣ್ವ ಅಡಕತ್ತರಿಯಂತೆ 2 ಕೊಂಡಿಗಳನ್ನು ಕತ್ತರಿಸಿದ ಮೇಲೆಯೇ ಅದಕ್ಕೆ ಬಲ ಬರುವುದು.

ಬ್ರೆಜಿಲ್‌ನ ಜರಾರಾಕಾ ಎಂಬ ಮಂಡಲ ಜಾತಿಯ ಹಾವು ಕಚ್ಚಿದರೆ ಬಿಪಿ ಕುಸಿಯುತ್ತದೆ. ಅದರ ವಿಷದಲ್ಲಿ ಕೆಲವು ಪೆಪ್ಟೈಡ್‌ಗಳಿರುವುದನ್ನು 1960ರ ದಶಕದಲ್ಲಿ ಅಲ್ಲಿನ ವಿಜ್ಞಾನಿ ಸೆರ್ಜಿಯೋ ಫೆರೇರಾ ತೋರಿಸಿದರು. ಅಡಕತ್ತರಿಯ ಬಾಯಿಗೆ ಕಡ್ಡಿ ಸಿಕ್ಕಿಸಿದ ಹಾಗೆ ಅವು ಏಸ್ ಕಿಣ್ವವನ್ನು ತಡೆಯುತ್ತವೆ ಎಂಬುದು ಆಮೇಲೆ ಗೊತ್ತಾಯಿತು. ಸಂದೇಶ ತಯಾರಾಗುವುದೇ ನಿಂತರೆ ನಾಳ ಸಡಿಲವಾಗುತ್ತದೆ.

ಹಾಗಾದರೆ ಆ ಪೆಪ್ಟೈಡನ್ನೇ ಮಾತ್ರೆ ಮಾಡಬಹುದಿತ್ತಲ್ಲ? ಆಗುವುದಿಲ್ಲ. ಬೇಳೆಯ ಪ್ರೋಟೀನನ್ನು ಅರಗಿಸುವ ಹೊಟ್ಟೆ ಅದನ್ನೂ ಅರಗಿಸಿಬಿಡುತ್ತದೆ. (ಇನ್ಸುಲಿನನ್ನು ಚುಚ್ಚಿಕೊಳ್ಳಬೇಕಾಗಿರುವುದೂ ಇದೇ ಕಾರಣಕ್ಕೆ.) ಹಾಗಾಗಿ ಅಮೆರಿಕದ ಸ್ಕ್ವಿಬ್ ಕಂಪನಿಯ ಡೇವಿಡ್ ಕುಶ್‌ಮನ್, ಮಿಗೆಲ್ ಒಂಡೆಟ್ಟಿ ಆ ಪೆಪ್ಟೈಡಿನ ತುದಿಯನ್ನು ಅನುಕರಿಸುವ ಚಿಕ್ಕ ಅಣುವೊಂದನ್ನು ಪ್ರಯೋಗಾಲಯದಲ್ಲೇ ಕಟ್ಟಿದರು. ಅದೇ ಕ್ಯಾಪ್ಟೊಪ್ರಿಲ್, 1981ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆಯಿತು. ಎನಾಲಾಪ್ರಿಲ್, ರಾಮಿಪ್ರಿಲ್ ಅದರ ಬಳಗದವು. ನಿಮ್ಮ ಮಾತ್ರೆ ಅಮ್ಲೋಡಿಪಿನ್ ಆಗಿದ್ದರೆ ಈ ಹಾವಿನ ಕಥೆಗೂ ಅದಕ್ಕೂ ಸಂಬಂಧವೇ ಇಲ್ಲ.

'ಪ್ರಿಲ್' ಮಾತ್ರೆ ತೆಗೆದುಕೊಳ್ಳುವ ಕೆಲವರಿಗೆ ಒಣಕೆಮ್ಮು ಬರುವುದುಂಟು. ಅದೇ ಕಿಣ್ವ ಬ್ರಾಡಿಕೈನಿನ್ ಎಂಬ ಇನ್ನೊಂದು ಪೆಪ್ಟೈಡನ್ನೂ ಕತ್ತರಿಸುತ್ತದೆ. ಕಿಣ್ವ ತಡೆದಾಗ ಅದು ಉಳಿದುಕೊಂಡು ಕೆರಳಿಸುತ್ತದೆ ಎಂಬುದು ವೈದ್ಯರ ವಿವರಣೆ. ಕೆಮ್ಮಿದ್ದರೆ ಡಾಕ್ಟರಿಗೆ ಹೇಳಿ, ಬೇರೆ ಮಾತ್ರೆ ಕೊಡುತ್ತಾರೆ. ಗರ್ಭಿಣಿಯರಿಗೆ ಈ ಬಳಗದ ಮಾತ್ರೆ ಬೇಡ. ತಾವಾಗಿಯೇ ಮಾತ್ರೆ ನಿಲ್ಲಿಸಿದರೆ ಬಿಪಿ ಸದ್ದಿಲ್ಲದೆ ಏರಿ ಲಕ್ವ ಹೊಡೆಯಬಹುದು.

ಇನ್ನು ಎರಡನೆಯ ಸಂದೇಶ. ಔಷಧದಲ್ಲಿರುವುದು ಒಂದೇ ಸಂದೇಶವನ್ನು ತಡೆಯುವ ಒಂದೇ ಅಣು, ಅದೂ ಅಳೆದು ಕೊಟ್ಟದ್ದು. ಕೊಳಕುಮಂಡಲದ ಹಲ್ಲಿನಿಂದ ಇಳಿಯುವುದು ಹತ್ತಾರು ಬಗೆಯ ಪ್ರೋಟೀನುಗಳ ಮಿಶ್ರಣ. ರಕ್ತ ಹೆಪ್ಪುಗಟ್ಟುವ ಶಕ್ತಿಯೇ ಹೋಗುತ್ತದೆ, ಕಿಡ್ನಿ ಕೆಡುತ್ತದೆ. ಕಚ್ಚಿದರೆ ಕೊಯ್ಯಬೇಡಿ, ಹೀರಬೇಡಿ, ಬಿಗಿಯಾಗಿ ಹಗ್ಗ ಕಟ್ಟಬೇಡಿ. ಕೈಕಾಲು ಅಲುಗಿಸದೆ 108ಕ್ಕೆ ಫೋನ್ ಮಾಡಿ, ವಿಷನಿರೋಧಕ ಚುಚ್ಚುಮದ್ದು ಇರುವ ಆಸ್ಪತ್ರೆಗೆ ಹೋಗಿ. 2024ರಿಂದ ಕರ್ನಾಟಕದಲ್ಲಿ ಹಾವು ಕಡಿತದ ಪ್ರತಿ ಪ್ರಕರಣವನ್ನೂ ಆಸ್ಪತ್ರೆಗಳು, ಖಾಸಗಿಯವೂ ಸೇರಿ, ಸರ್ಕಾರಕ್ಕೆ ವರದಿ ಮಾಡಬೇಕು.