ಅಂಗೈಯೊಳಗಿನ ದಂಡು

ದೀಪಾವಳಿ ಹತ್ತಿರ ಬಂತೆಂದರೆ ನಿಪ್ಪಾಣಿ, ಚಿಕ್ಕೋಡಿ, ಬೆಳಗಾವಿಯ ಓಣಿಗಳಲ್ಲಿ ಮಣ್ಣಿನ ಕಿಲ್ಲೆಗಳು ಏಳತೊಡಗುತ್ತವೆ. ಕಲ್ಲು, ಇಟ್ಟಿಗೆ ಚೂರು ಪೇರಿಸುತ್ತಾರೆ. ಮೇಲೆ ಕೆಸರಲ್ಲಿ ಅದ್ದಿದ ಗೋಣಿಚೀಲ ಹೊದಿಸುತ್ತಾರೆ. ಹಸಿ ಆರುವ ಮೊದಲೇ ಸಾಸಿವೆ ಉದುರಿಸಿಟ್ಟರೆ ಹಬ್ಬದ ಹೊತ್ತಿಗೆ ಗುಡ್ಡ ಹಸಿರಾಗಿರುತ್ತದೆ. ಒಬ್ಬ ಹುಡುಗ ರಾಯಗಡ ಕಟ್ಟಿದರೆ ಇನ್ನೊಬ್ಬ ಪ್ರತಾಪಗಡ ಕಟ್ಟುತ್ತಾನೆ. ಊರ ಅಭಿಮಾನ ಇದ್ದವರು ಯಳ್ಳೂರಿನ ರಾಜಹಂಸಗಡವನ್ನೋ ಸಂಕೇಶ್ವರದ ಬಳಿಯ ವಲ್ಲಭಗಡವನ್ನೋ ಆರಿಸಿಕೊಳ್ಳುತ್ತಾರೆ. ಕೊನೆಗೆ ಪೇಟೆಯಿಂದ ತಂದ ಬಣ್ಣದ ಬೊಂಬೆಗಳು ಏರುತ್ತವೆ: ಸಿಂಹಾಸನದ ಮೇಲೆ ಶಿವಾಜಿ ಮಹಾರಾಜರು, ಬುರುಜಿನ ಮೇಲೆ ಭಾಲೆ ಹಿಡಿದ ಮಾವಳೆ ಸೈನಿಕರು, ಬಾಗಿಲಲ್ಲಿ ತೋಪು. ಬಾಗಿಲಿಗಿಂತ ಎತ್ತರದ ಎಮ್ಮೆಯೊಂದು ಅಲ್ಲೇ ಮೇಯುತ್ತಿರುತ್ತದೆ. ಅಳತೆ ಯಾರೂ ಕೇಳುವುದಿಲ್ಲ.

ಅಳತೆ ಕೇಳುವವರು ಬೇರೆ ಕಡೆ ಇದ್ದಾರೆ. ಇಂಗ್ಲೆಂಡ್, ಜರ್ಮನಿ, ಅಮೆರಿಕದಲ್ಲಿ ದೊಡ್ಡವರೇ ಕೂತು ಬೆರಳುದ್ದದ ಸೈನಿಕರಿಗೆ ಬಣ್ಣ ಹಚ್ಚುತ್ತಾರೆ. ಆಮೇಲೆ ಅವರನ್ನು ಮೇಜಿನ ಮೇಲೆ ಸಾಲಾಗಿ ನಿಲ್ಲಿಸಿ, ಟೇಪು ಹಿಡಿದು ದೂರ ಅಳೆದು, ದಾಳ ಉರುಳಿಸಿ ಹಳೆಯ ಕಾಳಗಗಳನ್ನು ಮತ್ತೆ ಆಡುತ್ತಾರೆ. ಒಬ್ಬ ಸಿಪಾಯಿಯ ಅಂಗಿಯ ಕಾಲರ್ ಹಳದಿಯೋ ಬಿಳಿಯೋ ಎಂಬುದಕ್ಕೆ ವರ್ಷಗಟ್ಟಲೆ ವಾದ ನಡೆಯುತ್ತದೆ. ವಾರ್‌ಗೇಮ್ ಮಿನಿಯೇಚರ್ ಎಂದು ಕರೆಯುವ ಈ ಹವ್ಯಾಸಕ್ಕೂ ನಮ್ಮ ಕಿಲ್ಲೆಗೂ ಬೇಕಾದ ಕೈಚಳಕ ಬಹುಪಾಲು ಒಂದೇ. ಆದರೆ ಇಲ್ಲಿ ಅದು ಹಬ್ಬದ ಜೊತೆ ಬೆಳೆಯಿತು, ಅಲ್ಲಿ ನಿಯಮದ ಪುಸ್ತಕದ ಜೊತೆ.

ಅಥಣಿ ತಾಲೂಕಿನ ಐಗಳಿಯಂಥ ಊರಲ್ಲಿ ಕಿಲ್ಲೆಗಿಂತ ಹಳೆಯ ರೂಢಿಗಳಿವೆ. ಮಣ್ಣೆತ್ತಿನ ಅಮಾವಾಸ್ಯೆಗೆ ಎತ್ತಿನ ಜೋಡಿ ಮಾಡಿ ಪೂಜೆಗಿಡುತ್ತಾರೆ. ಆಷಾಢದ ಮಂಗಳವಾರಗಳಲ್ಲಿ ಗುಳ್ಳವ್ವ ಬರುತ್ತಾಳೆ. ದೀಪಾವಳಿ ಪಾಡ್ಯಕ್ಕೆ ಸೆಗಣಿಯ ಪಾಂಡವರು ಹೊಸ್ತಿಲ ಬಳಿ ಕೂರುತ್ತಾರೆ. ಇವೆಲ್ಲ ಗೇಣುದ್ದಕ್ಕೂ ಕಡಿಮೆ ಎತ್ತರದ ಮೂರ್ತಿಗಳೇ. ಆದರೆ ಇವುಗಳ ಆಯುಷ್ಯ ಕಡಿಮೆ. ಹಬ್ಬ ಮುಗಿದ ಮೇಲೆ ನೀರಿಗೋ ಹೊಲಕ್ಕೋ ಹೋಗುವ ಮೂರ್ತಿಗೆ ಯಾರೂ ನಾಲ್ಕು ದಿನ ಕೂತು ಕಣ್ಣುಹುಬ್ಬು ಬರೆಯುವುದಿಲ್ಲ.

ಉಳಿಯಲೆಂದೇ ಮಾಡಿದ ಬೊಂಬೆ ನೋಡಬೇಕೆಂದರೆ ಗೋಕಾಕಕ್ಕೆ ಹೋಗಬೇಕು, ಇಲ್ಲವೇ ಕೊಪ್ಪಳದ ಬಳಿಯ ಕಿನ್ನಾಳಕ್ಕೆ. ಗೋಕಾಕದ ಹಣ್ಣು-ತರಕಾರಿಗಳು ಒಂದು ಕಾಲಕ್ಕೆ ಮನೆಮನೆಯ ಗಾಜಿನ ಕಪಾಟಿನಲ್ಲಿ ಇರುತ್ತಿದ್ದವು. ಕಿನ್ನಾಳದ ಚಿತ್ರಗಾರರ ಕೆಲಸ ಇನ್ನೂ ಸೂಕ್ಷ್ಮ. ಹಗುರ ಮರದಲ್ಲಿ ಅಂಗಾಂಗ ಕೆತ್ತಿ, ಹುಣಸೆಬೀಜದ ಅಂಟಿನಿಂದ ಜೋಡಿಸುತ್ತಾರೆ. ಸೆಣಬಿನ ಚಿಂದಿಯನ್ನು ನೆನೆಸಿ, ಒಣಗಿಸಿ, ಪುಡಿಮಾಡಿ, ಮರದ ಹೊಟ್ಟು ಮತ್ತು ಅದೇ ಹುಣಸೆಬೀಜದ ಅಂಟಿನೊಡನೆ ಕಲಸಿದರೆ ಕಿಟ್ಟ ಸಿದ್ಧ. ಸಂದು ಮುಚ್ಚುವುದು, ಮೈ ತುಂಬಿಸುವುದು ಅದರಿಂದ. ಒಡವೆ, ಅಂಚು ಉಬ್ಬಿ ಕಾಣಬೇಕಾದ ಕಡೆ ಕಲ್ಲಿನ ಪುಡಿಯನ್ನು ಅಂಟಿನಲ್ಲಿ ಕಲಸಿ ಏರಿಸುತ್ತಾರೆ. ಇಷ್ಟೆಲ್ಲ ಆದ ಮೇಲೆ ಬಣ್ಣ. ವಿದೇಶದ ಮಿನಿಯೇಚರ್ ಶಿಲ್ಪಿ ಎರಡು ಬಣ್ಣದ ಎಪಾಕ್ಸಿ ಪುಟ್ಟಿ ಕಲಸಿ ಸಂದು ತುಂಬಿ, ಮೇಲೆ ಪ್ರೈಮರ್ ಹೊಡೆದು, ಆಮೇಲೆ ಕುಂಚ ಎತ್ತಿಕೊಳ್ಳುತ್ತಾನಲ್ಲ, ಕ್ರಮ ಅದೇ. ಡಬ್ಬಿ ಮಾತ್ರ ಬೇರೆ.

ಆಟಕ್ಕೂ ಬಣ್ಣಕ್ಕೂ ನಂಟು ಬೆಳೆದದ್ದು ಮೈಸೂರಿನಲ್ಲಿ. ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಆಟದ ಹುಚ್ಚು. ಶ್ರೀತತ್ತ್ವನಿಧಿ ಗ್ರಂಥದ ಕೌತುಕನಿಧಿ ಭಾಗದಲ್ಲಿ ಗಂಜೀಫಾ ಎಂಬ ಎಲೆಯಾಟದ ಹಲವು ಬಗೆಗಳನ್ನು ಅವರು ವಿವರಿಸಿದ್ದಾರೆ. ಒಂದೊಂದು ಎಲೆಯ ಮೇಲೂ ದೇವತೆ, ವಾಹನ, ಆಯುಧ ಬರೆಯಬೇಕು. ಚದುರಂಗದ ಕುದುರೆ ಎಲ್ಲ ಮನೆಗಳನ್ನೂ ಒಮ್ಮೊಮ್ಮೆ ಮಾತ್ರ ಮುಟ್ಟಿ ಬರುವ ಲೆಕ್ಕವನ್ನೂ ಅವರು ಬಿಡಿಸಿದ್ದರು. ದಸರಾ ಬೊಂಬೆಗಳ ಸಾಲಲ್ಲಿ ಆನೆ, ಅಂಬಾರಿ, ಕವಾಯತಿನ ಸಿಪಾಯಿಗಳು ಸೇರಿಕೊಂಡರು. ಆದರೆ ಆ ಸಿಪಾಯಿಗಳು ಹಂತದ ಮೇಲೆ ನಿಂತರೇ ಹೊರತು ಯುದ್ಧಕ್ಕೆ ಇಳಿಯಲಿಲ್ಲ.

ಇಳಿಸಿದವರು ಪ್ರಷ್ಯದವರು. ರೈಸ್ವಿಟ್ಸ್ ಎಂಬ ತಂದೆ-ಮಗ ಯುದ್ಧವನ್ನು ಆಟವಾಗಿ ಕಲಿಸುವ ಪದ್ಧತಿ ಕಟ್ಟಿದರು. 1812ರಲ್ಲಿ ತಂದೆ ಅದನ್ನು ಅರಮನೆಗೆ ಒಪ್ಪಿಸಿದರೆ, 1824ರಲ್ಲಿ ಮಗ ಅದನ್ನು ನಕಾಶೆಯ ಮೇಲೆ ಆಡುವಂತೆ ತಿದ್ದಿ ಸೇನೆಗೆ ಕೊಟ್ಟ. ಅದರಲ್ಲಿ ಸೈನಿಕರ ಬೊಂಬೆ ಇರಲಿಲ್ಲ, ಬಣ್ಣದ ತುಂಡುಗಳಿದ್ದವು. ಬೊಂಬೆಗಳ ಕಥೆ ನ್ಯೂರೆಂಬರ್ಗಿನದು. ಅಲ್ಲಿನ ತವರದ ಕೆಲಸಗಾರರು 18ನೇ ಶತಮಾನದಿಂದಲೇ ಚಪ್ಪಟೆ ಸೈನಿಕರನ್ನು ಎರಕ ಹೊಯ್ಯುತ್ತಿದ್ದರು. 1893ರಲ್ಲಿ ಲಂಡನ್ನಿನ ವಿಲಿಯಂ ಬ್ರಿಟನ್ ಕಂಪನಿ ಒಳಗೆ ಟೊಳ್ಳು ಬಿಟ್ಟು ಸೀಸ ಎರಕ ಹೊಯ್ಯುವ ಉಪಾಯ ತಂದಿತು. ಸೀಸ ಉಳಿಯಿತು, ದುಂಡು ಸೈನಿಕನ ಬೆಲೆ ಇಳಿಯಿತು. ಅದೇ ಸೈನಿಕರನ್ನು ನೆಲದ ಮೇಲೆ ಹರವಿ, ಸ್ಪ್ರಿಂಗಿನ ಆಟಿಕೆ ತೋಪಿನಿಂದ ಕಡ್ಡಿ ಹಾರಿಸಿ ಉರುಳಿಸುವ ನಿಯಮಗಳನ್ನು ಎಚ್. ಜಿ. ವೆಲ್ಸ್ 1913ರಲ್ಲಿ ‘ಲಿಟಲ್ ವಾರ್ಸ್’ ಎಂಬ ಪುಸ್ತಕವಾಗಿ ತಂದರು. ಮರುವರ್ಷವೇ ನಿಜವಾದ ಮಹಾಯುದ್ಧ ಶುರುವಾಯಿತು.

ಹವ್ಯಾಸ ಮತ್ತೆ ಚಿಗುರಿದ್ದು ಎರಡನೇ ಮಹಾಯುದ್ಧದ ನಂತರ. 1959ರಿಂದ ಏರ್‌ಫಿಕ್ಸ್ ಕಂಪನಿ ಮೆತ್ತನೆಯ ಪ್ಲಾಸ್ಟಿಕ್ಕಿನ ಚಿಕ್ಕ ಸೈನಿಕರನ್ನು ಪೆಟ್ಟಿಗೆಗಟ್ಟಲೆ ಮಾರತೊಡಗಿತು. ಹುಡುಗರ ಕೈಖರ್ಚಿನಲ್ಲಿ ಒಂದು ದಂಡು ಕೂಡಿಸಬಹುದಾಯಿತು. ಸೌತಾಂಪ್ಟನ್ನಿನ ಫಿಸಿಯೋಥೆರಪಿಸ್ಟ್ ಡೊನಾಲ್ಡ್ ಫೆದರ್‌ಸ್ಟೋನ್ 1962ರಲ್ಲಿ ಬರೆದ ‘ವಾರ್ ಗೇಮ್ಸ್’ ಒಂದು ಪೀಳಿಗೆಗೆ ಪಠ್ಯವಾಯಿತು. ಮುಂದೆ 25 ಮಿಲಿಮೀಟರಿನ ಲೋಹದ ಬೊಂಬೆ, ಅದು ಊದಿಕೊಂಡು 28 ಆಯಿತು. 1983ರಲ್ಲಿ ಬಂದ ವಾರ್‌ಹ್ಯಾಮರ್ ಎಂಬ ಆಟ ರಾಕ್ಷಸರು, ಕುಬ್ಜರ ಲೋಕವನ್ನು ಅಂಗಡಿಗೆ ತಂದಾಗ ಐತಿಹಾಸಿಕ ಬೊಂಬೆಯವರು ಮೂಗು ಮುರಿದರು. ಆದರೆ ಬಣ್ಣದ ಕುಶಲತೆ ಬೆಳೆದದ್ದರಲ್ಲಿ ಆ ರಾಕ್ಷಸರ ಪಾಲು ದೊಡ್ಡದು ಎಂಬುದನ್ನು ಒಪ್ಪಲೇಬೇಕು.

ಯಾಕೆಂದರೆ ಆರಂಭದ ದಿನಗಳಲ್ಲಿ ಬಣ್ಣವೆಂದರೆ ಹೊಳೆಯುವ ಎನಾಮಲ್: ಅಂಗಿಗೊಂದು, ಚಡ್ಡಿಗೊಂದು, ಮುಖಕ್ಕೊಂದು. ಮೂರಡಿ ದೂರದಿಂದ ಅದು ಸಾಕಾಗಿತ್ತು. ನೀರಲ್ಲಿ ಕರಗುವ ಅಕ್ರಿಲಿಕ್ ಬಂದ ಮೇಲೆ ಕುಂಚ ತೊಳೆಯಲು ಟರ್ಪೆಂಟೈನ್ ಬೇಡವಾಯಿತು, ಒಂದು ಪದರ ಬೇಗ ಒಣಗಿ ಇನ್ನೊಂದು ಪದರಕ್ಕೆ ಕೈ ಹಾಕಬಹುದಾಯಿತು. ಮೂರು ಛಾಯೆಯ ಪದ್ಧತಿ ನೆಲೆಯಾಯಿತು. ಮರಾಠಾ ರಾವುತನೊಬ್ಬನ ಪೇಟವನ್ನೇ ತೆಗೆದುಕೊಳ್ಳಿ. ಬೊಂಬೆಗೆ ಮೊದಲು ಕಪ್ಪು ಪ್ರೈಮರ್. ಪೇಟಕ್ಕೆಲ್ಲ ಗಾಢ ಕೆಂಪು. ಬಟ್ಟೆಯ ಸುತ್ತುಗಳ ಸಂದಿನಲ್ಲಿ ಆ ಗಾಢ ಬಣ್ಣ ಹಾಗೇ ಉಳಿಯಬೇಕು, ಉಬ್ಬಿದ ಮೈಗೆ ಮಾತ್ರ ನಡುಗೆಂಪು. ಕೊನೆಗೆ ಸುತ್ತಿನ ನೆತ್ತಿಯ ಮೇಲೆ, ಬಿಸಿಲು ಬೀಳುವ ಕಡೆ, ಕಿತ್ತಳೆ ಬೆರೆಸಿದ ಕೆಂಪಿನ ಒಂದೇ ಗೆರೆ. ಉಸಿರು ಹಿಡಿದು ಎಳೆಯುವ ಗೆರೆ ಅದು. ಅಂಗೈ ನಡುಗಿದರೆ ಇಡೀ ಪೇಟಕ್ಕೆ ಮತ್ತೆ ಬಣ್ಣ.

ಇಷ್ಟು ತಾಳ್ಮೆ ಇಲ್ಲದವರಿಗೆ ದಾರಿಗಳು ಹುಟ್ಟಿಕೊಂಡವು. ತೆಳು ಕಂದು ನೀರನ್ನು ಮೈಮೇಲೆಲ್ಲ ಹರಿಸಿದರೆ ಅದು ತಾನಾಗಿ ಸಂದಿಗೆ ಇಳಿದು ನೆರಳಾಗುತ್ತದೆ. ಕೆಲವರು ಬೊಂಬೆಯನ್ನೇ ಮರದ ವಾರ್ನಿಷಿನಲ್ಲಿ ಅದ್ದಿ ಜಾಡಿಸಿದರು. 2019ರಲ್ಲಿ ಬಂದ ಕಾಂಟ್ರಾಸ್ಟ್ ಬಣ್ಣಗಳು ಒಂದೇ ಕೈಗೆ ಮೈಬಣ್ಣ, ನೆರಳು ಎರಡನ್ನೂ ಕೊಡುತ್ತವೆ. ಇನ್ನೂರು ಕಾಲಾಳುಗಳ ದಂಡಿಗೆ ಇದು ಸರಿ. ಸೇನಾಪತಿಗೆ ಮೂರು ಛಾಯೆಯೇ ಸೈ.

ಪಲ್ಪ್ ಸಾಹಸ ಎಂಬ ಕವಲು ಇದರ ಪಕ್ಕದಲ್ಲೇ ಹುಟ್ಟಿತು. ಎರಡು ಮಹಾಯುದ್ಧಗಳ ನಡುವಿನ ಅಗ್ಗದ ಕಾಗದದ ಪತ್ರಿಕೆಗಳಲ್ಲಿ ಬರುತ್ತಿದ್ದ ಪತ್ತೇದಾರರು, ನಿಧಿಗಳ್ಳರು, ವಿಮಾನ ಹಾರಿಸುವ ಹೆಂಗಸರು, ಹುಚ್ಚು ವಿಜ್ಞಾನಿಗಳು ಈಗ ಬೊಂಬೆಗಳಾಗಿ ಸಿಗುತ್ತಾರೆ. ಕೆನಡಾದ ಬಾಬ್ ಮರ್ಚ್, ಇಂಗ್ಲೆಂಡಿನ ಮಾರ್ಕ್ ಕಾಪಲ್‌ಸ್ಟೋನ್ ಈ ಬಗೆಯ ಶಿಲ್ಪಕ್ಕೆ ಹೆಸರಾದವರು. ಇಲ್ಲಿ ದಂಡು ಬೇಡ, ಹತ್ತು ಜನ ಸಾಕು. ಸಮವಸ್ತ್ರದ ಹಂಗೂ ಇಲ್ಲ. ಕನ್ನಡದಲ್ಲಿ ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮ ಈ ಮೇಜಿಗೆ ಹೇಳಿ ಮಾಡಿಸಿದ ಆಳು. ಸರ್ಕ್ಯುಲೇಟಿಂಗ್ ಲೈಬ್ರರಿಯಲ್ಲಿ ಹರಿದುಹೋಗುವಷ್ಟು ಓದಿಸಿಕೊಂಡವನಿಗೆ ಒಂದು ಬೊಂಬೆಯ ಯೋಗ್ಯತೆ ಖಂಡಿತ ಇದೆ.

ವಿದೇಶಿ ಮೇಜುಗಳ ಮೇಲೆ ಕರ್ನಾಟಕ ಹೊಸದೇನಲ್ಲ. ಮೈಸೂರು ಯುದ್ಧಗಳು ಅವರಿಗೆ ಬಹುಕಾಲದ ಪ್ರೀತಿಯ ವಿಷಯ. ಅದಕ್ಕೆ ಒಂದು ಕಾರಣ ಶ್ರೀರಂಗಪಟ್ಟಣದ ದರಿಯಾ ದೌಲತ್ ಅರಮನೆಯ ಗೋಡೆ. 1780ರ ಸೆಪ್ಟೆಂಬರ್ 10ರಂದು ಪೊಳ್ಳಿಲೂರಿನಲ್ಲಿ ಹೈದರ್, ಟಿಪ್ಪು ಸೇರಿ ಕರ್ನಲ್ ಬೇಲಿಯ ಪಡೆಯನ್ನು ಸೋಲಿಸಿದ ಕಾಳಗ ಅಲ್ಲಿ ಗೋಡೆ ತುಂಬ ಹರಡಿದೆ. ಚೌಕವಾಗಿ ನಿಂತ ಕೆಂಪಂಗಿಯ ಇಂಗ್ಲಿಷ್ ಪಡೆ, ಪಲ್ಲಕ್ಕಿಯಲ್ಲಿ ಬೇಲಿ, ಸಿಡಿಯುವ ಮದ್ದಿನ ಬಂಡಿ ಎಲ್ಲ ಕಾಣುತ್ತವೆ. ಕುದುರೆಯ ಜೀನಿನಿಂದ ಹಿಡಿದು ಪೇಟದ ಸುತ್ತಿನವರೆಗೆ ಬಣ್ಣದ ಸುಳಿವು ಬೇಕಾದವರಿಗೆ ಅದು ಗಣಿ. ಆದರೆ ಎಚ್ಚರ ಬೇಕು. ಟಿಪ್ಪು 1784ರಲ್ಲಿ ಬರೆಸಿದ ಆ ಚಿತ್ರ ಮುಂದೆ ಮಾಸಿ, ಇಂಗ್ಲಿಷರ ಕಾಲದಲ್ಲಿ ಒಂದಕ್ಕಿಂತ ಹೆಚ್ಚು ಸಲ ಮರುಬಣ್ಣ ಕಂಡಿದೆ. ಗೋಡೆಯ ಕೆಂಪೆಲ್ಲ ಟಿಪ್ಪುವಿನ ಕಾಲದ ಕೆಂಪಲ್ಲ.

ನಮ್ಮ ಭಾಗದ ಕಾಳಗಗಳೂ ಕಡಿಮೆಯಿಲ್ಲ. 1824ರ ಅಕ್ಟೋಬರ್ 23ರಂದು ಕಿತ್ತೂರಿನ ಕೋಟೆ ಬಾಗಿಲು ತೆರೆದು ಹೊರಬಿದ್ದ ಪಡೆ ಧಾರವಾಡದ ಕಲೆಕ್ಟರ್ ಥ್ಯಾಕರೆಯನ್ನು ಕೊಂದದ್ದು ಮೇಜಿನ ಆಟಕ್ಕೆ ಅಚ್ಚುಕಟ್ಟಾದ ಪ್ರಸಂಗ: ಒಂದು ಕೋಟೆ, ಒಂದು ಬಾಗಿಲು, ಕೆಲವೇ ತೋಪು. ಇನ್ನೂ ಹತ್ತಿರದ್ದು ಬೇಕೆಂದರೆ 1679ರ ನವೆಂಬರ್. ಮೊಗಲ್ ಸರದಾರ ದಿಲೇರ್ ಖಾನ್ ವಿಜಾಪುರದ ಸೀಮೆಯಲ್ಲಿ ತಿಕೋಟಾವನ್ನು ಸೂರೆಮಾಡಿ ಅಥಣಿಯ ಮೇಲೆ ಬಿದ್ದ. ಆಗ ಅವನ ಪಾಳೆಯದಲ್ಲಿದ್ದ ಶಿವಾಜಿಯ ಮಗ ಸಂಭಾಜಿ ಅಲ್ಲಿಂದ ತಪ್ಪಿಸಿಕೊಂಡು ಪನ್ಹಾಳಕ್ಕೆ ಮರಳಿದ. ಐಗಳಿ ಇರುವುದು ಅಥಣಿಗೂ ವಿಜಯಪುರಕ್ಕೂ ನಡುವಿನ ಇದೇ ಬಯಲಿನಲ್ಲಿ. ರಾತ್ರಿ ಪಲಾಯನ, ಬೆನ್ನಟ್ಟುವ ಕುದುರೆಗಳು, ಊರು ಕಾಯುವ ರೈತರು: ಐತಿಹಾಸಿಕಕ್ಕೂ ಪಲ್ಪಿಗೂ ನಡುವೆ ಗೆರೆ ಎಳೆಯುವುದು ಇಂಥಲ್ಲಿ ಕಷ್ಟ.

ಸಾಮಾನಿನ ನೆಪ ಈಗ ಹೇಳುವಂತಿಲ್ಲ. ವಿದೇಶಿ ಬಣ್ಣದ ಬಾಟಲಿ ದುಬಾರಿ, ನಿಜ. ಆದರೆ ತಾಲೂಕು ಪೇಟೆಯ ಸ್ಟೇಷನರಿ ಅಂಗಡಿಯಲ್ಲಿ ಕ್ಯಾಮ್ಲಿನ್, ಫೆವಿಕ್ರಿಲ್ ಅಕ್ರಿಲಿಕ್ ಸಿಗುತ್ತದೆ. ಪೈಪಿನ ಸೋರಿಕೆ ಮುಚ್ಚುವ ಎಂ-ಸೀಲ್ ತುಪಾಕಿಯ ತುದಿ, ಕುದುರೆಯ ಬಾಲ ಮಾಡಲು ಸಾಲುತ್ತದೆ. ಬೊಂಬೆಯ ಪೀಠಕ್ಕೆ ಫೆವಿಕಾಲ್ ಸವರಿ ಜರಡಿ ಹಿಡಿದ ಯರಿಮಣ್ಣು ಉದುರಿಸಿದರೆ ಸಾಕು, ದಖ್ಖನ್ನಿನ ನೆಲಕ್ಕೆ ಬಣ್ಣ ಬೇಕಾಗುವುದಿಲ್ಲ. ರೆಸಿನ್ ಪ್ರಿಂಟರುಗಳು ಅಗ್ಗವಾದ ಮೇಲೆ ಬೊಂಬೆಯ ನಕ್ಷೆ ಕೊಂಡು ಇಲ್ಲೇ ಅಚ್ಚು ತೆಗೆಯಬಹುದು. ಹಸಿ ರೆಸಿನ್ನನ್ನು ಬರಿಗೈಯಲ್ಲಿ ಮುಟ್ಟಬಾರದು, ಮುಚ್ಚಿದ ಕೋಣೆಯಲ್ಲಿ ಅಚ್ಚು ತೆಗೆಯಬಾರದು ಎಂಬುದಷ್ಟು ನೆನಪಿರಲಿ.

ಕೊರತೆ ಇರುವುದು ಬಣ್ಣದ ತಿಳಿವಳಿಕೆಯಲ್ಲೇ. ಗಣಪತಿ ಮೂರ್ತಿ ಮಾಡುವ ಕೈಗಳೇ ಆ ಹಬ್ಬ ಮುಗಿದ ಮೇಲೆ ಕಿಲ್ಲೆಯ ಬೊಂಬೆಗೆ ತಿರುಗುತ್ತವೆ. ಅಚ್ಚು ಒಂದೇ, ಬಣ್ಣದ ಗನ್ ಒಂದೇ. ಹಾಗಾಗಿ ಪ್ರತಿ ಮಾವಳೆಯೂ ಒಂದೇ ಕೇಸರಿ ಪೇಟ, ಒಂದೇ ಬಿಳಿ ಅಂಗಿ ತೊಟ್ಟು ಶಾಲೆಯ ಕವಾಯತಿಗೆ ನಿಂತಂತೆ ಕಾಣುತ್ತಾನೆ. 17ನೇ ಶತಮಾನದ ಮರಾಠಾ ದಂಡಿಗೆ ಸಮವಸ್ತ್ರವೇ ಇರಲಿಲ್ಲ. ಇಟಲಿಯ ಮನೂಚಿಗಾಗಿ ಮೀರ್ ಮುಹಮ್ಮದ್ ಎಂಬ ಚಿತ್ರಕಾರ ಆ ಶತಮಾನದಲ್ಲೇ ಬರೆದ ಶಿವಾಜಿಯ ಚಿತ್ರ ಪ್ಯಾರಿಸ್ಸಿನ ರಾಷ್ಟ್ರೀಯ ಗ್ರಂಥಾಲಯದಲ್ಲಿದೆ. ಕುದುರೆಯ ಮೇಲೆ ಮಹಾರಾಜರು, ಸುತ್ತ ಆಯುಧ ಹಿಡಿದ ಕಾಲಾಳುಗಳು. ಅಚ್ಚಿನ ಬೊಂಬೆಗೆ ಬಣ್ಣ ಹಾಕುವವರು ಅದನ್ನೊಮ್ಮೆ ಮೊಬೈಲಿನಲ್ಲಾದರೂ ನೋಡಬೇಕು. ಪಾಶ್ಚಾತ್ಯರ ತಪ್ಪು ಬೇರೆ ಬಗೆಯದು: ಅವರು ದಖ್ಖನ್ನಿನ ಕಾಲಾಳನ್ನೂ ಮೊಗಲರ ಕಾಲಾಳನ್ನೂ ಒಂದೇ ಅಚ್ಚಿನಲ್ಲಿ ಹೊಯ್ದು ಮುಗಿಸಿಬಿಡುತ್ತಾರೆ.

ಈ ಎರಡನ್ನೂ ತಿದ್ದುವ ಆಧಾರ ನಮ್ಮ ಪಕ್ಕದಲ್ಲೇ ಇದೆ. ವಿಜಯಪುರದ ಪೂರ್ವಕ್ಕೆ ಕುಮಟಗಿಯ ಜಲಮಹಲಿನ ಗೋಡೆಗಳಲ್ಲಿ ಆದಿಲ್‌ಶಾಹಿ ಕಾಲದ ಕುದುರೆ ಸವಾರರು ಚೌಗಾನ್ ಆಡುತ್ತಿದ್ದಾರೆ, ಪೈಲವಾನರು ಕುಸ್ತಿ ಹಿಡಿದಿದ್ದಾರೆ. ಬಹಳ ಮಾಸಿವೆ, ಜನ ಹೆಸರು ಕೆತ್ತಿ ಕೆಡಿಸಿದ್ದಾರೆ. ಆದರೂ ಉಡುಪಿನ ರೀತಿ ತಿಳಿಯುವಷ್ಟು ಉಳಿದಿವೆ. ಗೋಲಗುಮ್ಮಟದ ಮುಂದಿನ ನಗಾರಖಾನೆಯಲ್ಲಿ 1892ರಿಂದ ಇರುವ ವಸ್ತುಸಂಗ್ರಹಾಲಯದಲ್ಲಿ ಆ ಕಾಲದ ಆಯುಧಗಳು, ಚಿತ್ರಗಳು ಇವೆ. ನಿಪ್ಪಾಣಿ, ಚಿಕ್ಕೋಡಿಯ ಕಿಲ್ಲೆ ಸ್ಪರ್ಧೆ ನಡೆಸುವ ಮಂಡಳಿಗಳು ಬುರುಜಿನ ಎತ್ತರಕ್ಕೆ ಅಂಕ ಕೊಡುವಾಗ ಬೊಂಬೆಯ ಬಣ್ಣಕ್ಕೂ ನಾಲ್ಕು ಅಂಕ ಇಡಲಿ, ಗೆದ್ದ ಮಕ್ಕಳನ್ನು ಒಂದು ದಿನ ವಿಜಯಪುರಕ್ಕೆ ಕರೆದೊಯ್ಯಲಿ. ಶುಕ್ರವಾರ ಮಾತ್ರ ಬೇಡ, ಆ ದಿನ ಸಂಗ್ರಹಾಲಯಕ್ಕೆ ರಜೆ.